ಬಸ್ಸಿನ ದಾರಿಯಲ್ಲಿ ಹುರುಳಿ

ನಾಗಮಂಗಲದ ಪೇಟೆ ಬೀದಿಯಲ್ಲಿ ಒಂದು ಶನಿವಾರ ಬಿಳಿ ಗೆರೆ ಬಿತ್ತು. ಗೆರೆಯ ಎಡಗಡೆ ಬಸ್ಸಿಗೆ ಮಾತ್ರ. ಮೂವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಡ್ರಿಲ್ ಮೇಷ್ಟ್ರು ನಾನು. ರಸ್ತೆಗೂ ಒಂದು ಸಾಲು ಬಂತಲ್ಲ ಎಂದು ಹಿಗ್ಗಿದೆ.

ಹಿಗ್ಗಿಗೆ ಇನ್ನೊಂದು ಕಾರಣವೂ ಇತ್ತು. ಸೊಸೆಗೆ ಪಾಂಡವಪುರದ ಕಚೇರಿಯೊಂದರಲ್ಲಿ ಹೊಸ ಕೆಲಸ, ಒಂಬತ್ತೂವರೆಗೆ ಹಾಜರಿ. ಏಳೂಮುಕ್ಕಾಲರ ಬಸ್ಸಿಗೆ ನಮ್ಮ ಪೇಟೆ ದಾಟಲು ಅರ್ಧ ಗಂಟೆ ಹಿಡಿಯುತ್ತಿತ್ತು. ಇನ್ನೊಂದೇ ಸಲ ತಡವಾದರೆ ಕೆಲಸ ಹೋಯಿತೆಂದು ಮೇಲಿನವರು ಎಚ್ಚರಿಸಿದ್ದರು.

ಭಾನುವಾರ ನೋಡಿದರೆ ಗೆರೆಯೊಳಗೆ ಬೈಕುಗಳು! ಹಳೆಯ ಸೀಟಿ ತಂದು ಊದಿದೆ.

"ಗಾಡಿ ನಿಲ್ಸಕೆ ಅಂತ್ಲೇ ಅಲ್ವಾ ಮೇಷ್ಟ್ರೇ ಗೆರೆ ಎಳ್ದಿರದು?" ಎಂದ ಒಬ್ಬ.

ಸೋಮವಾರ ಬೆಳಿಗ್ಗೆ ಏಳಕ್ಕೆ ಸೀಟಿ ಸಮೇತ ಹಾಜರಾದೆ. ಒಂದು ಬೈಕೂ ಇಲ್ಲ. ಬಸ್ಸಿನ ದಾರಿಯುದ್ದಕ್ಕೂ ಕಿತ್ತು ಒಣಗಿಸಿದ ಹುರುಳಿ ಗಿಡ ಹರಡಿತ್ತು. ಪಕ್ಕದಲ್ಲಿ ಹೊಣಕೆರೆ ಕಡೆಯ ಅಜ್ಜಿಯೊಬ್ಬರು ಕೋಲು ಹಿಡಿದು ಕೂತಿದ್ದರು.

"ಇದೇನಜ್ಜಿ, ಬಸ್ಸಿನ ದಾರೀಲಿ?"

"ಅದ್ಕೇಯ ಕಣಪ್ಪ ಇಲ್ಲಾಕಿರದು! ಬೈಕು ತುಳುದ್ರೆ ಎಲ್ಲಿ ಕಾಳು ಉದುರ್ತದೆ? ಬಸ್ಸೇ ಅರೀಬೇಕು. ಯಾರೋ ಪುಣ್ಯಾತ್ಮರು ನಮ್ಗೇಂತ ದಾರಿ ಮಾಡವ್ರೆ."

ಗದರಲು ಸೀಟಿ ಬಾಯಿಗಿಟ್ಟೆ. ಅಷ್ಟರಲ್ಲಿ ನಿನ್ನೆಯ ಆಸಾಮಿಯೇ ಬೈಕು ತಂದ. ಅಜ್ಜಿ ಕೋಲೆತ್ತಿದರು.

"ಏಯ್, ತಿರುಗ್ಸ್ಲಾ ಅತ್ಲಾಗೆ! ನನ್ ಉಳ್ಳಿ ಮ್ಯಾಲೆ ನಿಲ್ಸುದ್ರೆ ಕಾಲ್ ಮುರ್ದೇನು!"

ಆತ ತಿರುಗಿಸಿಕೊಂಡು ಓಡಿದ. ನನ್ನ ಸೀಟಿ ತಾನಾಗಿಯೇ ಜೇಬು ಸೇರಿತು.

ಏಳೂಮುಕ್ಕಾಲಕ್ಕೆ ಬಸ್ಸು ಬಂತು. ಡ್ರೈವರ್ ತಲೆ ಹೊರಗೆ ಹಾಕಿ, "ಬರ್ಲಾ ಅಜ್ಜಿ?" ಎಂದ.

"ಬಾ ಮಗಾ, ಬಾ! ಮೆಲ್ಲುಕೆ, ಮಧ್ಯುಕ್ಕೇ ತುಳಿ!"

ಚಟಪಟ ಚಟಪಟ ಎಂದು ಕಾಯಿ ಒಡೆಯುತ್ತಿದ್ದಂತೆ ಬಸ್ಸು ಎರಡೇ ನಿಮಿಷದಲ್ಲಿ ಪೇಟೆ ದಾಟಿತು. ಕಿಟಕಿಯಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನೋಡ್ಕಂಡು ನಿಂತ್ರೆ ಆಯ್ತದಾ? ಮಗುಚು ಬಾ, ಇನ್ನೊಂದ್ ಬಸ್ಸು ಬತ್ತದೆ," ಎಂದರು ಅಜ್ಜಿ. ಪಂಚೆ ಎತ್ತಿ ಕಟ್ಟಿದೆ. ಕೆ.ಆರ್. ಪೇಟೆಯ ಬಸ್ಸು, ಬೆಳ್ಳೂರಿನ ಬಸ್ಸು, ಒಂದೊಂದು ಹೋದಾಗಲೂ ಹುರುಳಿ ಮಗುಚಿದೆ.

ಒಂಬತ್ತು ದಾಟಿದ ಮೇಲೆ ಸೊಸೆಯ ಫೋನು ಬಂತು. "ಮಾವ, ಆಫೀಸಿನ ಬೀಗಾನೇ ತೆಗ್ದಿಲ್ಲ ಇನ್ನೂ!"

ಜೇಬಿನಿಂದ ಸೀಟಿ ತೆಗೆದು, ಉಸಿರಿರುವಷ್ಟೂ ಊದಿದೆ.

ಅಜ್ಜಿ ದಡಬಡಿಸಿ ಎದ್ದರು. "ಬಂತಾ? ಯಾವೂರ್ ಬಸ್ಸಪ್ಪಾ?"