ನಾಲ್ಕೂವರೆ ಇಂಚಿನ ಜಗಳ

ಕಚೇರಿಯಲ್ಲಿ ಎಲ್ಲರೂ ಟೈಪಕ್ಕ ಎಂದು ಕರೆಯುವ ಆಕೆಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೇಳನ್ನು ಒಂದೇ ಕೋಣೆಯಲ್ಲಿ ಕೂತು, ಬೇರೆಯವರ ಗೀಚುಬರಹವನ್ನು ಓದುವಂಥ ಅಕ್ಷರಕ್ಕೆ ಇಳಿಸುತ್ತಾ ಕಳೆದಿದ್ದಾರೆ. ಬರೆದವರಿಗೇ ಓದಲಾಗದ್ದನ್ನು ಅವರು ಓದುತ್ತಾರೆ. ಎತ್ತರ ಮಾತ್ರ ಐದಡಿಗೆ ಒಂದಿಂಚು ಕಡಿಮೆ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಅವರ ಹಳೆಯ ತಗ್ಗು ಮೇಜು ಉಳಿದಿತ್ತು. ಹೋದ ವರ್ಷ ಕೋಣೆಗೆ ಬಣ್ಣ ಹೊಡೆಸಿದಾಗ ಅದನ್ನು ಸಾಗಹಾಕಿ, ಎಲ್ಲರಿಗೂ ಒಂದೇ ಅಳತೆಯ ಹೊಸ ಮೇಜು ಹಾಕಿಸಿದರು. ಕೀಲಿಮಣೆ ಎಟುಕಲೆಂದು ಟೈಪಕ್ಕ ಕುರ್ಚಿಯನ್ನು ಮೇಲಕ್ಕೆತ್ತಿಕೊಂಡರು. ನಾಲ್ಕೇ ತಿಂಗಳಲ್ಲಿ ಸೊಂಟ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿದು ತಮ್ಮದೇ ಅಲ್ಲವೆನಿಸುತ್ತಿತ್ತು.

ಆಮೇಲೆ ಶುರುವಾಯಿತು ಉಪದೇಶ. ಗಂಡ ಎಣ್ಣೆ ತಂದರು, ಹಾಸಿಗೆ ತೆಗೆದು ಹಲಗೆ ಹಾಕಿದರು. ಪಕ್ಕದ ಮೇಜಿನ ಗುಮಾಸ್ತ ತನ್ನ ಮಾವನ ಸೊಂಟಪಟ್ಟಿ ತಂದುಕೊಟ್ಟ. ಮಾವನದು ಅಷ್ಟಗಲದ ಸೊಂಟ. ಪಟ್ಟಿ ಎರಡು ಸುತ್ತು ಬಂತು. ಮೇಲಧಿಕಾರಿ ಕೊಟ್ಟದ್ದು ಎಚ್ಚರಿಕೆ.

"ಈ ತಿಂಗಳೂ ಬೆನ್ನುನೋವು ಅಂತ ರಜೆ ಹಾಕಿದ್ರೆ ನಾನೇನೂ ಮಾಡೋಕಾಗಲ್ಲಮ್ಮ. ಕಡತದ ಕೋಣೆಗೆ ಹಾಕ್ತೀನಿ. ಅಲ್ಲಿ ಕೂರೋ ಕೆಲಸಾನೇ ಇಲ್ಲ."

ಅಲ್ಲಿ ಇದ್ದದ್ದು ಏಣಿ ಹತ್ತಿಳಿಯುವ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಟೈಪಿಂಗ್ ಇರಲಿಲ್ಲ. ಟೈಪಿಂಗ್ ಇಲ್ಲದ ತಮ್ಮನ್ನು ಟೈಪಕ್ಕನಿಗೆ ಊಹಿಸಲೂ ಆಗಲಿಲ್ಲ.

ಒಂದು ದಿನ ಟೈಪಕ್ಕ ಮರೆತುಬಂದ ಊಟದ ಡಬ್ಬಿ ಹಿಡಿದು ನಾದಿನಿ ಕಚೇರಿಗೆ ಬಂದಳು. ಅವಳು ದರ್ಜಿ. ಅಳತೆಪಟ್ಟಿ ಕೊರಳಲ್ಲೇ ನೇತಾಡುತ್ತಿತ್ತು. ಡಬ್ಬಿ ಇಡುವ ಮೊದಲೇ ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಅಯ್ಯೋ ಅತ್ತಿಗೆ, ನಿಮ್ ಕಾಲು ತೊಟ್ಟಿಲಲ್ಲಿರೋ ಮಗು ಕಾಲಿನ ಹಾಗೆ ಗಾಳೀಲಿದೆಯಲ್ಲ!"

"ನೋಯ್ತಿರೋದು ಬೆನ್ನು ಕಣೇ."

"ಎರಡೂ ಒಂದೇ ಮೈಗೆ ಅಂಟ್ಕೊಂಡಿರೋದಲ್ವಾ?"

ಅಲ್ಲೇ ಅಳೆದಳು. ಪಾದ ಪೂರ್ತಿ ನೆಲಕ್ಕೂರಿ ಕೂತರೆ ಟೈಪಕ್ಕನ ಮೊಣಕೈ ನೆಲದಿಂದ ಇಪ್ಪತ್ತೈದು ಇಂಚು. ಮೇಜು ಇಪ್ಪತ್ತೊಂಬತ್ತೂವರೆ. ಪಾದಕ್ಕೆ ಆಸರೆಯಿಲ್ಲದ್ದರಿಂದ ಕುರ್ಚಿಯ ಅಂಚು ತೊಡೆಯನ್ನು ಒತ್ತುತ್ತಿತ್ತು. ಒತ್ತಡ ತಪ್ಪಿಸಲು ಅವರು ಮುಂದಕ್ಕೆ ಸರಿಯುತ್ತಿದ್ದರು. ಸರಿದರೆ ಬೆನ್ನಿಗೆ ಒರಗೇ ಇರಲಿಲ್ಲ. ಇಷ್ಟು ದಿನ ಎಲ್ಲರೂ ಬೆನ್ನನ್ನೇ ನೋಡಿದ್ದರು, ಮೇಜನ್ನು ಯಾರೂ ನೋಡಿರಲಿಲ್ಲ.

ಟೈಪಕ್ಕ ಅರ್ಜಿ ಟೈಪ್ ಮಾಡಿ, ಅಳತೆಯ ಚಿತ್ರವನ್ನೂ ಲಗತ್ತಿಸಿದರು. ಮೇಲಧಿಕಾರಿ ಗೊಣಗುತ್ತಲೇ ಸಹಿ ಹಾಕಿದರು. ಶನಿವಾರ ಸಂಜೆ ಬಡಗಿ ಬಂದು ನಾಲ್ಕೂ ಕಾಲುಗಳಿಂದ ನಾಲ್ಕೂವರೆ ಇಂಚು ಕೊಯ್ದ.

ಸೋಮವಾರ ಬಂದು ನೋಡಿದರೆ ಮೇಜು ಮೊದಲಿನಷ್ಟೇ ಎತ್ತರ! ಕೊಯ್ದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದರು. ಇಟ್ಟಿಗೆ ಸಾಲದ ಕಡೆ ರಟ್ಟು.

"ಯಾರ ಕೆಲಸ ಇದು?"

"ನಾನೇ ಹೇಳಿದ್ದು," ಎಂದರು ಮೇಲಧಿಕಾರಿ. "ಹನ್ನೆರಡು ಮೇಜಿನ ಸಾಲಲ್ಲಿ ಇದೊಂದು ಗುಂಡಿಗೆ ಬಿದ್ದ ಹಾಗೆ ಕಾಣ್ತಿತ್ತು. ತಪಾಸಣೆಗೆ ಬರೋರು ಏನಂದ್ಕೋತಾರೆ? ನೀವು ಕೇಳಿದ ಹಾಗೆ ಕೊಯ್ಸಿಯೂ ಆಯ್ತಲ್ಲ!"

ಟೈಪಕ್ಕನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸೆರಗು ಸಿಕ್ಕಿಸಿಕೊಂಡರು.

"ಸರ್, ಆ ಕಡೆ ಸ್ವಲ್ಪ ಎತ್ತಿ ಹಿಡೀರಿ."

"ನಾನಾ?"

"ನೀವೇ. ಇಟ್ಟಿಗೆ ಇಡ್ಸಿದ್ದು ನೀವೇ ಅಲ್ವಾ?"

ಇಪ್ಪತ್ತೇಳು ವರ್ಷದಲ್ಲಿ ಆಕೆ ಆ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮೇಲಧಿಕಾರಿ ಎತ್ತಿ ಹಿಡಿದರು. ಟೈಪಕ್ಕ ಇಟ್ಟಿಗೆಗಳನ್ನು ಎಳೆದುಹಾಕಿದರು. ಗುಮಾಸ್ತನೂ ಕೈಹಾಕಿ ಮೇಜನ್ನು ಸಾಲಿನಿಂದ ಹೊರಗೆ, ಕಿಟಕಿಯ ಬಳಿಗೆ ಸರಿಸಿದ. ಟೈಪಕ್ಕ ಕುರ್ಚಿಯನ್ನು ಕೆಳಗಿಳಿಸಿ, ಪಾದ ಪೂರ್ತಿ ನೆಲಕ್ಕೂರಿ ಕೂತರು.

ನೋವು ಅಂದೇ ಹೋಗಲಿಲ್ಲ. ಕಾಲು ಊರಿತೆಂದು ಕಲ್ಲಿನ ಹಾಗೆ ಕೂರಬಾರದು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು ಎಂದು ನಾದಿನಿ ತಾಕೀತು ಮಾಡಿದ್ದಳು, ಹಾಗೇ ಮಾಡಿದರು. ಮೂರನೇ ವಾರ, ಮೆಟ್ಟಿಲು ಇಳಿಯುವಾಗ ತಾವು ಪಕ್ಕದ ಕಂಬಿ ಹಿಡಿದಿಲ್ಲವೆಂದು ಅರ್ಧ ಇಳಿದ ಮೇಲೆ ಹೊಳೆಯಿತು.

ತಿಂಗಳ ಕೊನೆಗೆ ಮೇಲಧಿಕಾರಿ ರಜೆಯ ಪುಸ್ತಕ ಮಗುಚಿದರು.

"ಒಂದೂ ಇಲ್ವಲ್ಲಮ್ಮ! ಸರಿ, ನೀವು ಇಲ್ಲೇ ಇರಿ." ಹೊರಟವರು ತಿರುಗಿ ನಿಂತರು. "ಆದ್ರೆ ತಪಾಸಣೆ ದಿನ, ಒಂದೇ ಒಂದು ದಿನ, ಮೇಜನ್ನ ಸಾಲಿಗೆ…"

ಟೈಪಕ್ಕ ತಲೆಯೆತ್ತಲಿಲ್ಲ. ಟೈಪ್ ಮಾಡುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.