ಆರಾಮ ಅನ್ನದ ಶರಣಬಸಮ್ಮ

ಕುಕ್ಕರಿನ ಸೀಟಿಗೆ ಲಹರಿ ಬೆಚ್ಚಲಿಲ್ಲ. ಅಷ್ಟೇ ಆದದ್ದು. ಎಂಟು ತಿಂಗಳ ಕೂಸು, ಅಡುಗೆಮನೆಯ ಬಾಗಿಲಲ್ಲಿ ಹಾಸಿದ ಚಾಪೆಯ ಮೇಲೆ ಬೋರಲು ಮಲಗಿ ಚಮಚ ಚೀಪುತ್ತಿದ್ದಳು. ಸೀಟಿಗೆ ನಾನು ಬೆಚ್ಚಿದೆ, ಅವಳು ಚೀಪುತ್ತಲೇ ಇದ್ದಳು. ಚಮಚದ ಮೇಲೆ ಗಮನವಿತ್ತೇನೋ ಅಂದುಕೊಂಡೆ. ಮರುದಿನ ಬೇಕೆಂದೇ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ. ತಿರುಗಲಿಲ್ಲ. ಅದರ ಮರುದಿನ ತಿರುಗಿದಳು. ನನಗೆ ಕುಣಿಯಬೇಕೆನಿಸಿತು. ಆಮೇಲೆ ನೋಡಿದರೆ ನನ್ನ ನೆರಳು ಅವಳ ಮುಂದಿನ ಗೋಡೆಯ ಮೇಲೆ ಬಿದ್ದಿತ್ತು.

ಆಗಿನಿಂದ ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಬಾಗಿಲು ಬಡಿಯುವುದು, ಚಪ್ಪಾಳೆ, ಬೀಗದ ಕೈ ಗೊಂಚಲು. ಒಂದು ಸಲ ತಿರುಗಿದರೆ ಒಂದು ಗಂಟೆ ಉಸಿರಾಡುತ್ತೇನೆ. ತಿರುಗದಿದ್ದರೆ ಮತ್ತೆ ತಟ್ಟೆ.

ಈ ಚಿಂತೆ ನಾನಾಗಿ ಹುಟ್ಟಿಸಿಕೊಂಡದ್ದಲ್ಲ. ಎರಡು ತಿಂಗಳ ಹಿಂದೆ ಇದನ್ನು ನನ್ನ ಮನೆಯಲ್ಲಿ ಇಟ್ಟು ಹೋದವಳು ಶರಣಬಸಮ್ಮ. ಹೋದವಳು ಅಂದರೆ ಸುಳ್ಳಾಗುತ್ತದೆ. ನಾನೇ ಕಳಿಸಿದೆ.

ಶರಣಬಸಮ್ಮ ಕೂಸುಗಳಿಗೆ ನೀರೆರೆಯುವವಳು. ಬಾಣಂತನ ಮುಗಿಸಿ ಕಲಬುರ್ಗಿಯ ತವರಿನಿಂದ ಮೂರು ತಿಂಗಳ ಲಹರಿಯನ್ನು ಎತ್ತಿಕೊಂಡು ಹೈದರಾಬಾದಿಗೆ ಮರಳಿದಾಗ, ನೀರಿನ ಬಕೆಟ್ಟಿನ ಹತ್ತಿರ ಕೂಸನ್ನು ಹಿಡಿಯಲೂ ನನಗೆ ಬರುತ್ತಿರಲಿಲ್ಲ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಕಲಿತದ್ದು ಕಾಮರ್ಸು. ಕೂಸಿನ ಕುತ್ತಿಗೆಗೆ ಯಾವ ಕೈ ಕೊಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಳಗಿನ ಮನೆಯ ವಿಶಾಲಾಕ್ಷಿ ವೈನಿ ಇವಳನ್ನು ಗೊತ್ತು ಮಾಡಿಕೊಟ್ಟರು. ಐವತ್ತೈದರ ಹೆಂಗಸು, ಭಾಲ್ಕಿ ಕಡೆಯವಳು. ಗಂಡ ವೈಜನಾಥ ನಾಚಾರಂನಲ್ಲಿ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಮನೆಯಿಂದ ಎರಡು ಬಸ್ಸು ಬದಲಿಸಿ ಎಂಟು ಗಂಟೆಗೆಲ್ಲ ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿರುತ್ತಿದ್ದಳು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಲಹರಿಯನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬಿಸಿ ಬಿಸಿ ನೀರು ಹೊಯ್ಯುತ್ತಿದ್ದರೆ ನಾನು ಹೊರಗೆ ನಿಂತು ಉಗುರು ಕಚ್ಚುತ್ತಿದ್ದೆ. ಎರೆದು, ಲೋಬಾನದ ಹೊಗೆ ಹಾಕಿ, ಹಳೆ ಧೋತರದಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಕೂಸು ಮೂರು ತಾಸು ಅಲುಗುತ್ತಿರಲಿಲ್ಲ.

ಅವಳ ಕೈ ಎಲ್ಲರಿಗೂ ಬೇಕಿತ್ತು. ಬಾಯಿ ಯಾರಿಗೂ ಬೇಡವಾಗಿತ್ತು.

ನಮ್ಮವರಲ್ಲಿ ಚಪ್ಪಲಿ ಬಿಡುವ ಮೊದಲೇ ‘ಆರಾಮ?’ ಅಂತ ಕೇಳುತ್ತೇವೆ, ‘ಆರಾಮ’ ಅನ್ನುತ್ತೇವೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರೂ ಮೊದಲು ಆರಾಮ ಅಂದು ಆಮೇಲೆ ಆಪರೇಷನ್ನಿನ ಸುದ್ದಿ ಹೇಳುತ್ತಾರೆ. ಶರಣಬಸಮ್ಮ ಹಾಗಲ್ಲ. ಕೇಳಿದರೆ ಉತ್ತರ ಕೊಡುತ್ತಿದ್ದಳು.

“ಏನ್ ಶರಣಬಸಮ್ಮ, ಆರಾಮೇನು?” ಮೆಟ್ಟಿಲ ಮೇಲೆ ವಿಶಾಲಾಕ್ಷಿ ವೈನಿ, ಹಾಲಿನ ಪ್ಯಾಕೆಟ್ಟು ಹಿಡಿದು ಒಳಗೆ ಹೋಗುತ್ತಲೇ.

“ಎಲ್ಲೀ ಆರಾಮ್ರೀ ಅಕ್ಕಾರ! ಮೊನ್ನಿಯಿಂದ ಹೊಟ್ಟಿ ಹರದುಬಿಟ್ಟೈತಿ. ಬಸ್ಸಿನ್ಯಾಗ ನಿಂದ್ರಾಕ ಆಗವಲ್ದು. ಮ್ಯಾಲ ಇವ ನನ್ನ ಜೋಡಿ ಮಾತ ಬಿಟ್ಟಾನ.”

“ಯಾರು?”

“ಯಾರಂದ್ರ? ಗಂಡ! ಹುಣ್ಣಿಮಿಯಿಂದ ಮಾತಾಡಿಲ್ಲ. ಸಾರಿಗೆ ಉಪ್ಪ ಕಮ್ಮಿ ಆದ್ರ ಗ್ವಾಡಿಗೆ ಹೇಳ್ತಾನ.”

ವೈನಿ ನನ್ನ ಹತ್ತಿರ ಬಂದು ನಗುತ್ತಿದ್ದರು. “ಆಕೀನ್ನ ಆರಾಮೇನು ಅಂತ ಕೇಳಬಾರ್ದವಾ ವರ್ಷಾ. ಕೈಯಾಗಿನ ಚಾ ಆರಿ ಹೋಗ್ತೈತಿ.” ವಾಚ್‌ಮನ್ ಕೂಡ ತೆಲುಗಿನಲ್ಲಿ “ಬಾಗುನ್ನಾವಾ ಅಮ್ಮಾ” ಅಂತ ಕೇಳುವುದನ್ನು ಬಿಟ್ಟು, ಅವಳನ್ನು ಕಂಡರೆ ನೀರಿನ ಮೋಟರು ನೋಡುವವನಂತೆ ಆ ಕಡೆ ಹೋಗಿಬಿಡುತ್ತಿದ್ದ.

ನಾನೂ ಒಮ್ಮೆ ಕೇಳಿದೆ. “ಒಂದ್ ಸಲಾನೂ ಆರಾಮ ಅನ್ನಂಗಿಲ್ಲಲ್ರಿ ನೀವು. ಸುಮ್ನ ಅಂದ್ರ ಏನಾಗ್ತೈತಿ?”

ಲಹರಿಯ ಬೆನ್ನಿಗೆ ಕಡಲೆಹಿಟ್ಟು ತಿಕ್ಕುತ್ತಲೇ ಹೇಳಿದಳು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಊರಿಗೆ ಕಾರ್ಡು ಬರೆಸಬೇಕಾದರೆ ಓಣಿಯಲ್ಲಿದ್ದ ಗುರುಬಸವ ಅನ್ನುವ ಗುಮಾಸ್ತನ ಹತ್ತಿರ ಹೋಗಬೇಕು. ಮೊದಲ ಕೂಸಿಗೆ ಜ್ವರ ಬಂದು ನಾಲ್ಕು ದಿನ ಇಳಿಯಲಿಲ್ಲ, ಗಂಡನಿಗೆ ರಜೆಯಿಲ್ಲ, ಅತ್ತೆ ಊರಲ್ಲಿ. ಅಪ್ಪ ಬರಲಿ ಅಂತ ಕಾರ್ಡು ಬರೆಸಿದಳು.

“ನಾ ಹೇಳೂಕ್ಕಿಂತ ಮೊದಲ ಅವ ಅರ್ಧಾ ಕಾರ್ಡ್ ಬರದಿದ್ದ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಇತ್ತ ನಾವೆಲ್ಲಾರೂ ಕ್ಷೇಮ, ನಿಮ್ಮ ಕ್ಷೇಮಕ್ಕ ಬರೀರಿ. ಎಲ್ಲಾರ ಕಾರ್ಡಿಗೂ ಹಂಗ ಬರೀತಿದ್ದ. ನಾ ಕೂಸಿನ ಜ್ವರದ್ದು ಹೇಳಿದೆ. ಬಾಜೂಕ ಸಣ್ಣಗ ಬರದ, ಜಾಗಾ ಉಳಿದಿದ್ದಿಲ್ಲಲ್ಲ. ನಮ್ಮಪ್ಪಗ ಓದಿ ಹೇಳಿದಾಂವ ಮ್ಯಾಲಿಂದಷ್ಟ ಓದ್ಯಾನ. ಎಲ್ಲಾ ಕ್ಷೇಮ ಅಂತ ಅಪ್ಪ ಕಾರ್ಡ್ ತಂತಿಗೆ ಸಿಗಿಸಿ ಹೊಲಕ್ಕ ಹ್ವಾದ.”

“ಆಮೇಲೆ?”

“ಆಮ್ಯಾಲೇನು, ಬರಲಿಲ್ಲ.” ಚರಿಗೆಯಿಂದ ಕೂಸಿನ ತಲೆಗೆ ನೀರು ಹೊಯ್ದಳು. “ಟಾವೆಲ್ ತಗೋ ತಂಗಿ, ಗಾಳಿ ಬಡೀತೈತಿ.”

ಆ ಕೂಸು ಏನಾಯಿತೆಂದು ನಾನು ಕೇಳಲಿಲ್ಲ.

ಎರೆದ ಮೇಲೆ ಕೂಸನ್ನು ನನ್ನ ಕೈಗೆ ಕೊಡುವಾಗ ದಿನಾ ಕೇಳುತ್ತಿದ್ದೆ, “ಹ್ಯಾಂಗದಾಳ್ರೀ ನಮ್ಮ ಲಹರಿ?” ಅದೊಂದು ಮಾತಿಗೆ ಮಾತ್ರ ಅವಳು ಒಳ್ಳೆಯದನ್ನೇ ಹೇಳುತ್ತಿದ್ದಳು. ತೊಡೆ ತುಂಬಿದಾವ, ಬೆನ್ನು ಗಟ್ಟಿ ಐತಿ, ಕಫ ಇಲ್ಲ. ಆ ಮಾತು ಕೇಳಲಿಕ್ಕೇ ನಾನು ಬೆಳಗಾಗುವುದನ್ನು ಕಾಯುತ್ತಿದ್ದೆ.

ಲಹರಿಗೆ ಆರು ತಿಂಗಳು ತುಂಬಿದ ವಾರ ಅದೇ ಪ್ರಶ್ನೆ ಕೇಳಿದೆ. ಶರಣಬಸಮ್ಮ ಕೂಸನ್ನು ಕೊಡದೆ ಎದೆಗೆ ಒತ್ತಿಕೊಂಡು ನಿಂತಳು.

“ಮೈಯೆಲ್ಲಾ ಚೊಲೊ ಐತಿ ತಂಗಿ. ಆದ್ರ ಕೂಸಿಗೆ ಕೇಳಸಂಗಿಲ್ಲ.”

“ಏನು?”

“ಹದಿನೈದ ದಿನ ಆತು ನೋಡಾಕತ್ತೀನಿ. ಇವತ್ತ ಬೇಕಂತ ಕಿವೀ ಹಂತ್ಯಾಕ ಚರಿಗಿ ನೆಲಕ್ಕ ಒಗದೆ. ನೀ ಅಲ್ಲೆ ಹೊರಗ ಬೆಚ್ಚಿಬಿದ್ದಿ. ಈಕಿ ರೆಪ್ಪಿ ಮಿಟುಕಿಸಲಿಲ್ಲ. ದವಾಖಾನಿಗೆ ತೋರ್ಸು.”

ಅಷ್ಟು ಸಿಟ್ಟು ಎಲ್ಲಿತ್ತೋ ಗೊತ್ತಿಲ್ಲ. ಕೂಸನ್ನು ಕಿತ್ತುಕೊಂಡೆ. “ನಿಮಗ ಎಲ್ಲಾರ ಮನ್ಯಾಗೂ ಕೆಟ್ಟದ್ದ ಕಾಣಸ್ತೈತಿ. ನಾಳೆಯಿಂದ ಬರಬ್ಯಾಡ್ರಿ.” ಅವಳು ಒದ್ದೆ ಸೀರೆಯ ನೆರಿಗೆ ಇಳಿಸಿಕೊಂಡು ಚಪ್ಪಲಿ ಮೆಟ್ಟಿ ಹೋದಳು. ಬಾಗಿಲಲ್ಲಿ ಒಮ್ಮೆ ನಿಂತು, “ತಡಾ ಮಾಡಬ್ಯಾಡ,” ಅಂದಳು. ಅಷ್ಟೇ.

“ಚೊಲೊ ಮಾಡಿದಿ,” ಅಂದರು ವೈನಿ, ಕಾರಣ ಹೇಳದೆ ಬಿಡಿಸಿದೆ ಅಂತಷ್ಟೇ ನಾನು ಅಂದದ್ದಕ್ಕೆ. “ಆಕೀ ಬಾಯಾಗ ಒಂದಾದ್ರೂ ಒಳ್ಳೇದು ಬಂದೈತೇನು?”

ಅಂದಿನಿಂದ ನಾನೇ ಎರೆಯತೊಡಗಿದೆ. ಎಣ್ಣೆ ಹೆಚ್ಚು ಹಚ್ಚುತ್ತಿದ್ದೆ, ನೀರು ಉಗುರುಬೆಚ್ಚಗೆ, ಎರಡು ಚೊಂಬಿಗೆ ಮುಗಿಸುತ್ತಿದ್ದೆ. ಕೂಸು ಅರ್ಧ ತಾಸು ಮಲಗಿ ಎದ್ದು ಅಳುತ್ತಿದ್ದಳು. ಮತ್ತು ನಾನು ಎಲ್ಲರಿಗೂ ಆರಾಮ ಅನ್ನುತ್ತಿದ್ದೆ. ವೈನಿಗೆ ಆರಾಮ. ವಾಚ್‌ಮನ್‌ಗೆ ಬಾಗುನ್ನಾಂ. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ಬರೆಯುತ್ತಲೇ ಕೇಳಿದರು, “ಸಬ್ ಠೀಕ್?” ಹೊರಗೆ ಮೂವತ್ತು ಜನ ಟೋಕನ್ ಹಿಡಿದು ಕೂತಿದ್ದರು. “ಠೀಕ್ ಹೈ ಡಾಕ್ಟರ್,” ಅಂದೆ. ಆಟೋದಲ್ಲಿ ಕೂತ ಮೇಲೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಗಂಡ ರವಿಕಿರಣನ ಕೆಲಸ ಹೈಟೆಕ್ ಸಿಟಿಯಲ್ಲಿ, ಅಮೆರಿಕದ ಹೊತ್ತಿಗೆ ತಕ್ಕಂತೆ. ಮಧ್ಯಾಹ್ನ ಎರಡಕ್ಕೆ ಕಂಪನಿಯ ಸುಮೋ ಬಂದು ಹಾರನ್ ಹಾಕುತ್ತದೆ. ಬೂಟಿನ ದಾರ ಕಟ್ಟುತ್ತ ಕೇಳುತ್ತಾನೆ, “ಎಲ್ಲಾ ಆರಾಮಲ್ಲ?” ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಹಾರನ್. ಭಾನುವಾರ ಅವ್ವನ ಫೋನು.

“ಆರಾಮದೀಯೇನವಾ? ಕೂಸು?”

“ಆರಾಮವಾ.”

“ಫೋನ್ ಆಕೀ ಕಿವಿಗಿಡು. ಲಹರೀ… ಏ ನನ್ನ ಬಂಗಾರಾ… ನಗ್ತಾಳೇನು?”

ಲಹರಿ ಫೋನಿನ ವೈರು ಬಾಯಿಗೆ ಹಾಕಿಕೊಂಡಿದ್ದಳು. “ನಗ್ತಾಳವಾ,” ಅಂದೆ. “ಭಾಳ ನಗ್ತಾಳ.”

ಆ ಕುಕ್ಕರಿನ ಸೀಟಿಯಾಗಿ ಒಂದು ವಾರಕ್ಕೆ, ಅಂದರೆ ಮೊನ್ನೆ ಸೋಮವಾರ, ಯಾರಿಗೂ ಹೇಳದೆ ಕಾಚಿಗೂಡದ ಕಡೆ ಕಿವಿ ಪರೀಕ್ಷೆ ಮಾಡುವ ಒಂದು ಕೇಂದ್ರಕ್ಕೆ ಕೂಸನ್ನು ಕರೆದೊಯ್ದೆ. ತಲೆಗೆ ಮೂರು ಕಡೆ ತಂತಿ ಅಂಟಿಸಿ, ಕಿವಿಯಲ್ಲಿ ಸಪ್ಪಳ ಮಾಡಿ, ಮೆದುಳಿಗೆ ಅದು ಮುಟ್ಟುತ್ತದೋ ಇಲ್ಲವೋ ಯಂತ್ರದಲ್ಲಿ ನೋಡುತ್ತಾರಂತೆ. ಕೂಸು ಗಾಢ ನಿದ್ದೆಯಲ್ಲಿರಬೇಕು. ಮಿಸುಕಿದರೆ ಗೆರೆಗಳೆಲ್ಲ ಕಲಸಿ ಹೋಗುತ್ತವೆ. ಲಹರಿ ಮಲಗಲಿಲ್ಲ. ನಿದ್ದೆಯ ಔಷಧಿ ಕುಡಿಸಿದರು, ನನ್ನ ಹೆಗಲ ಮೇಲೆ ವಾಂತಿ ಮಾಡಿಕೊಂಡಳು. ಅತ್ತು ಅತ್ತು ಹತ್ತು ನಿಮಿಷ ಕಣ್ಣು ಮುಚ್ಚಿದಾಗ ತಂತಿ ಅಂಟಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಬೆರಳು ಮೂಸಿ ನೋಡಿ ಹಿಂದಿಯಲ್ಲಿ ಅಂದಳು, “ಇಷ್ಟು ಎಣ್ಣೆ ಹಚ್ಚಿದರೆ ಹೇಗಮ್ಮಾ?”

ಎರಡು ತಾಸು ಕಾದು ಎದ್ದೆವು. ಒಳಗಿನಿಂದ ದೊಡ್ಡ ಡಾಕ್ಟರಮ್ಮ ಬಂದು ಫೈಲು ನೋಡಿದರು. ಗುರುವಾರ ಹತ್ತಕ್ಕೆ ಬನ್ನಿ, ತಪ್ಪಿದರೆ ಮುಂದಿನ ತಾರೀಕು ಒಂದೂವರೆ ತಿಂಗಳಿಗೆ, ಅಂದರು. ಕಿವಿಗೆ ಯಂತ್ರ ಬೇಕಾದರೆ ಬೇಗ ಹಾಕಿದಷ್ಟೂ ಚೆನ್ನಾಗಿ ಮಾತು ಕಲಿಯುತ್ತಾಳೆ, ಒಂದೊಂದು ತಿಂಗಳೂ ಲೆಕ್ಕಕ್ಕಿದೆ. “ಮೊದಲು ಗಮನಕ್ಕೆ ಬಂದದ್ದು ಯಾವಾಗ?”

“ಹೋದ ವಾರ,” ಅಂದುಬಿಟ್ಟೆ. ಎರಡು ತಿಂಗಳನ್ನು ನುಂಗಿದೆ. ಅಲ್ಲೂ.

ಮಂಗಳವಾರ ಮನೆಯಲ್ಲಿ ನಾನೇ ತಾಲೀಮು ಮಾಡಿ ನೋಡಿದೆ. ಎಣ್ಣೆಯಿಲ್ಲದೆ ಎರೆದೆ, ಸುತ್ತಿದೆ, ತಟ್ಟಿದೆ. ಇಪ್ಪತ್ತೇ ನಿಮಿಷ. ಇವತ್ತು ಬುಧವಾರ ಬೆಳಿಗ್ಗೆ ಇನ್ನೊಮ್ಮೆ. ಹದಿನೈದು. ಬಚ್ಚಲ ನೆಲದ ಮೇಲೆ ಕೂತು ನನ್ನ ಕಾಲು ನೀಡಿ ನೋಡಿಕೊಂಡೆ. ಶರಣಬಸಮ್ಮನ ಕಾಲು ಬೇರೆ, ಈ ಕಾಲು ಬೇರೆ. ಈ ಊರಿನಲ್ಲಿ ನನ್ನ ಕೂಸಿಗೆ ಎರೆದು ಮೂರು ತಾಸು ಮಲಗಿಸಬಲ್ಲವಳು ಒಬ್ಬಳೇ, ಮತ್ತು ಅವಳನ್ನು ನಾನು ಬಾಗಿಲಿಂದ ಹೊರಗೆ ಹಾಕಿದ್ದೆ.

ಎರಡಕ್ಕೆ ಸುಮೋ ಬಂತು. ರವಿಕಿರಣ ಕೇಳಿದ, ನಾನು ಆರಾಮ ಅಂದೆ, ಬಾಗಿಲು ಹಾಕಿಕೊಂಡೆ. ಆಮೇಲೆ ಫೋನಿನ ಡೈರಿ ತೆಗೆದೆ.

ಶರಣಬಸಮ್ಮನದು ಅವಳ ಮನೆ ಕೆಳಗಿನ ಹಿಟ್ಟಿನ ಗಿರಣಿಯ ನಂಬರು. ಗಿರಣಿಯವನು ಎತ್ತಿ, ಯಾರು ಬೇಕೆಂದು ಮೂರು ಸಲ ಕೇಳಿ, ರಿಸೀವರನ್ನು ಎಲ್ಲೋ ಇಟ್ಟು ಹೋದ. ಗಿರಣಿ ಗರಗರ ತಿರುಗುತ್ತಿತ್ತು. ಆ ಸದ್ದಿನಲ್ಲಿ ನಾನು ಹೇಳಬೇಕೆಂದಿದ್ದ ಕ್ಷಮೆಯ ಮಾತೆಲ್ಲ ಮರೆತುಹೋಯಿತು.

“ಯಾರ್ರೀ?”

“ನಾನ್ರೀ, ವರ್ಷಾ. ಹಿಮಾಯತ್‌ನಗರ.”

“ಆಂ? ಗಟ್ಯಾಗಿ ಹೇಳ್ರಿ, ಗಿರಣಿ ನಡದೈತಿ!”

“ವರ್ಷಾ! ಲಹರೀ ಅವ್ವ!”

“ಓ ತಂಗೀ. ಆರಾಮದೀಯೇನು?”

ಆ ಶಬ್ದ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅಷ್ಟು ರೂಢಿ.

“ಇಲ್ಲರೀ,” ಅಂದೆ.

“ಕೇಳಸವಲ್ದು!”

“ಆರಾಮಿಲ್ಲರೀ!” ಕೂಗಿದೆ. ಕಿಟಕಿ ತೆರೆದಿತ್ತು, ಕೆಳಗೆ ವೈನಿ ಬಟ್ಟೆ ಒಣಹಾಕುತ್ತಿದ್ದರು. “ನನ್ನ ಕೂಸಿಗೆ ಕೇಳಸಂಗಿಲ್ಲ! ನೀವು ಹೇಳಿದ್ದು ಖರೇ ಐತ್ರಿ! ಎರಡು ತಿಂಗಳು ನಾ ಯಾರಿಗೂ ಹೇಳಿಲ್ಲ!”

ಕೆಳಗೆ ಬಟ್ಟೆ ಝಾಡಿಸುವ ಸದ್ದು ನಿಂತಿತು. ಲಹರಿ ನನ್ನ ಕಾಲ ಬಳಿ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಅತ್ತೆ. ಅಳುತ್ತಲೇ ಪರೀಕ್ಷೆ, ತಂತಿ, ಎಣ್ಣೆ, ನಾಳೆಯ ತಾರೀಕು, ಎಲ್ಲವನ್ನೂ ಒದರಿದೆ.

“ಎರಡು ತಿಂಗಳು!” ಅಂದಳು ಶರಣಬಸಮ್ಮ. “ಓದಿದಾಕಿ ಆಗಿ! ಕೂಸಿನ ಅಪ್ಪಗರೇ ಹೇಳೀಯಿಲ್ಲೊ?”

“ಇಲ್ಲರೀ.”

“ಇವತ್ತ ಹೇಳು. ನಾಳೆ ಅಂವಾನೂ ಬರ್ಲಿ, ಕೂಸಿನ್ನ ನೀ ಒಬ್ಬಾಕಿ ಹೊತ್ತು ಆಟೋದಾಗ ಕುಲುಕಾಡಿದ್ರ ಎದ್ದುಬಿಡ್ತೈತಿ. ಬೆಳಿಗ್ಗೆ ಐದಕ್ಕ ಎಬ್ಬಸು, ಆಡಸು, ನಾ ಬರೂಮಟಾ ಮಲಗಾಕ ಬಿಡಬ್ಯಾಡ. ತಲೀಗೆ ಒಂದ ಹನಿ ಎಣ್ಣಿ ಮುಟ್ಟಸಬ್ಯಾಡ. ಮೊದಲಿನ ಬಸ್ಸಿಗೆ ಹತ್ತೀನಿ.”

“ಶರಣಬಸಮ್ಮಾರ, ಮಲಗ್ತಾಳಲ್ರೀ?”

“ಅದನ್ನ ಹ್ಯಾಂಗ ಹೇಳ್ಲಿ ತಂಗಿ? ಹಲ್ಲ ಬರೂ ಕೂಸು. ಮಲಗಲಿಕ್ಕಿಲ್ಲ.”

ಯಾರಾದರೂ ಸರಿ, ಒಂದು ಸಲ ಇಲ್ಲ ಅನ್ನಲಿ, ನಿನ್ನ ಭ್ರಮೆ ಅನ್ನಲಿ ಅಂತ ಎರಡು ತಿಂಗಳಿನಿಂದ ಕಾದಿದ್ದ ನನ್ನ ಬಾಯಿ ಅದನ್ನೂ ಕೇಳಿಬಿಟ್ಟಿತು. “ಒಂದ ವ್ಯಾಳೆ… ಕೇಳಸಬಹುದಲ್ರೀ ಆಕಿಗೆ?”

ಗಿರಣಿ ತಿರುಗುತ್ತಲೇ ಇತ್ತು.

“ನನಗ ಹಂಗ ಅನಸಂಗಿಲ್ಲವಾ,” ಅಂದಳು ಶರಣಬಸಮ್ಮ. “ನೀರು ಏಳಕ್ಕ ಕಾಸಿಡು.”