ಗೂಗಲ್‌ನಿಂದ ಮಾನ್ವಿಗೆ, ಭಂಡಾರ ಬಿದ್ದ ಕಂಬಳಿಯ ಜೊತೆ

ರಾಯಚೂರು ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ಹತ್ತುವುದೆಂದರೆ ಒಂದು ಕುಸ್ತಿ. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನನಗೂ ಬಂದಿದೆ. ಆಧಾರ್ ಕಾರ್ಡ್ ತೋರಿಸಿ, ಬಿಸಿಲಿಗೆ ಬೈಯುತ್ತ ಕುಳಿತೆ. ಮರುದಿನ ಮಾನ್ವಿಯಲ್ಲಿ ಬಡತನದ ಬಗ್ಗೆ ಜನಜಾಗೃತಿ ಸಭೆ ಇತ್ತು, ಜೊತೆಗೆ ಹಳ್ಳಿಯವರು ಕೈಯಾರೆ ಮಾಡಿದ ವಸ್ತುಗಳ ಪ್ರದರ್ಶನ. ಹೈದರಾಬಾದಿನ ಅಂಗಡಿಯವರೊಬ್ಬರು ಬಂದು, ಹಿಡಿಸಿದ್ದಕ್ಕೆ ಆರ್ಡರ್ ಕೊಡುತ್ತಾರಂತೆ. ಕೃಷ್ಣೆಯ ದಡದ ಗೂಗಲ್ ಹಳ್ಳಿಯ ಭೀಮವ್ವನವರನ್ನೂ ಅವರ ಕಂಬಳಿಯನ್ನೂ ಅಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ. ಪತ್ರಿಕೆಗೆ ಆಗಾಗ ಬರೆಯುತ್ತೇನೆಂದು ಸಂಘಟಕರು ಇಂಥದ್ದೆಲ್ಲ ನನ್ನ ತಲೆಗೇ ಕಟ್ಟುತ್ತಾರೆ.

ದೇವದುರ್ಗದಲ್ಲಿ ಮಿರ್ಚಿ ತಿಂದು, ಚಹಾ ಕುಡಿದು, ಟಂಟಂ ಆಟೊ ಹಿಡಿದು ಗೂಗಲ್ ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೃಷ್ಣೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. ಭೀಮವ್ವನವರದು ಕುರಿ ಸಾಕುವ ಮನೆತನ. ಈಗ ಕುರಿ ಉಳಿದಿಲ್ಲ, ಕುಣಿ ಮಗ್ಗ ಉಳಿದಿದೆ. ಸೊಸೆ ರೇಣವ್ವ ಉಣ್ಣೆ ನೂಲುತ್ತಾಳೆ, ಮಗ ಮಾಳಪ್ಪ ನೇಯುತ್ತಾನೆ. ಬಾಗಿಲಲ್ಲೇ ಎರಡು ಗಂಟು, ಒಂದು ಪಾತ್ರೆಯ ಚೀಲ ಕಟ್ಟಿ ಇಟ್ಟಿದ್ದವು. ನೋಡಿದ ಕೂಡಲೇ ಅರ್ಥವಾಯಿತು: ಗುಳೆ.

"ನಾಳಿ ಮೇಸ್ತ್ರಿ ಜೋಡಿ ಬೆಂಗಳೂರು ಬಸ್ಸಿಗೆ ಹೊಂಟೀವ್ರಿ. ಕಟ್ಟಡದ ಕೆಲಸ," ಎಂದ ಮಾಳಪ್ಪ. "ಬಸ್ಸು ಸಂಜಿಕೆ ಮಾನ್ವಿ ಮ್ಯಾಲೆ ಹೋಗ್ತದ. ಆರ್ಡರ್ ಸಿಕ್ಕರ ಅಲ್ಲೇ ಇಳಿತೀವಿ. ಇಲ್ಲಂದ್ರ ಹಂಗ ಮುಂದಕ್ಕ."

ಭೀಮವ್ವ ಒಲೆಯ ಮುಂದಿನಿಂದಲೇ ಹೇಳಿದರು. "ಇವರಪ್ಪ ಹಿಂಗ ಹೋದಾವ ತಿರುಗಿ ಬರ್ಲಿಲ್ಲ ಅಕ್ಕಾರ. ಮಣ್ಣು ಅಲ್ಲೇ ಆತು. ಆ ಊರಿನ ನೀರು ಇನ್ನ ಮುಟ್ಟಂಗಿಲ್ಲ ಅಂತ ಬೀರಪ್ಪನ ಮುಂದ ಆಣಿ ಮಾಡೀನಿ. ಈಗ ನೋಡ್ರಿ, ಮಗ ಹೊಂಟಾನ."

ನಾನು ರೊಟ್ಟಿ, ಪುಂಡಿಪಲ್ಯ ತಿಂದು ಮಲಗಿದೆ. ನಿದ್ದೆ ಸರಿಯಾಗಿ ಹತ್ತಲಿಲ್ಲ.

ಬೆಳಿಗ್ಗೆ ಎದ್ದಾಗ ಭೀಮವ್ವ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬೀರಪ್ಪನ ಗುಡಿಯಿಂದ ಬಂದರು, ತೋಳಿನ ಮೇಲೆ ಮಾರಾಟದ ಹೊಸ ಕಂಬಳಿ. ಕಾಡಿಗೆಯಂಥ ಕಪ್ಪು ಕಂಬಳಿಯ ತುಂಬ ಹಳದಿ. ಹೊಸ ಗಿರಾಕಿಗೆ ನೇಯ್ದ ಮೊದಲ ಕಂಬಳಿಯನ್ನು ದೇವರಿಗೆ ಮುಟ್ಟಿಸದೆ ಹೊರಗೆ ಕೊಡುವುದು ಅವರ ಮನೆಯಲ್ಲಿ ಇಲ್ಲ. ಪೂಜಾರಿ ಉದಾರಿ, ಬೊಗಸೆ ಬೊಗಸೆ ಭಂಡಾರ ಎರಚಿದ್ದ. ದೇವರ ಅರಿಶಿನ ಉಣ್ಣೆಯ ಎಳೆಎಳೆಗೂ ಇಳಿದಿತ್ತು.

"ಯವ್ವಾ, ಇದೇನು ಮಾಡಿದಿರಿ? ಅಪ್ಪಟ ಕಪ್ಪು ಬೇಕು ಅಂತ ಅಂಗಡಿಯವರು ಮೊದಲೇ ಹೇಳಿದ್ದಾರಲ್ಲ," ಎಂದೆ. ನನ್ನ ದನಿ ಏರಿತ್ತು.

"ದೇವರ ಕಡಿ ಮೊದಲು ಹೋಗಬೇಕಲ್ರೀ," ಎಂದರು ಅವರು, ನಾನೇ ಏನೋ ತಪ್ಪು ಕೇಳಿದವಳ ಹಾಗೆ.

ತೊಳೆಯೋಣವೆಂದರೆ ಹುಣಸೆಬೀಜದ ಗಂಜಿ ಕುಡಿಸಿದ ಕಂಬಳಿ, ನೀರು ಮುಟ್ಟಿದರೆ ಬಿಗಿ ಹೋಗುತ್ತದೆ. ಸಿರವಾರದ ಮೇಲೆ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಅದನ್ನು ಜಾಡಿಸಿದ್ದೇ ಜಾಡಿಸಿದ್ದು. ಮುಂದಿನ ಸೀಟಿನವನು ಸೀನಿದ. ಪಕ್ಕದ ಮುದುಕರೊಬ್ಬರು ಉದುರಿದ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ಹಣೆಗೆ ಹಚ್ಚಿಕೊಂಡರು. ಕಂಬಳಿ ಮಾತ್ರ ಹಳದಿಯಾಗಿಯೇ ಉಳಿಯಿತು. ನನಗೆ ಅಳುವೇ ಬಂದಿತ್ತು.

ಮಾನ್ವಿಯ ಸಭಾಭವನದ ಗೋಡೆಗೆ ಬಡವರ ದೊಡ್ಡ ದೊಡ್ಡ ಫೋಟೊಗಳು. ವೇದಿಕೆಯಲ್ಲಿ ಭಾಷಣ ಮುಗಿಯುವ ಲಕ್ಷಣವಿರಲಿಲ್ಲ. ಹೈದರಾಬಾದಿನವರು ನಡುವಯಸ್ಸಿನ ಹೆಂಗಸು, ಕನ್ನಡಕ್ಕೆ ತೆಲುಗು ಕಲಸಿ ಮಾತಾಡುತ್ತಿದ್ದರು. ಕಂಬಳಿ ಬಿಚ್ಚಿ ನೋಡಿ, ಮಡಚಿ ವಾಪಸ್ ಇಟ್ಟರು.

"ಈ ಹಳದಿ ಕಲೆ ನಮ್ಮ ಅಂಗಡಿಲಿ ನಡೆಯಲ್ಲಮ್ಮ."

"ಕಲಿ ಅಲ್ರೀ, ದೇವರ ಭಂಡಾರ."

"ನನಗೆ ಗೊತ್ತು. ಕೊಳ್ಳೋರಿಗೆ ಗೊತ್ತಿರಲ್ಲ."

ಭೀಮವ್ವ ಹೊಸ ಕಂಬಳಿಯನ್ನು ಸುತ್ತಿ ತಂದಿದ್ದ ತಮ್ಮ ಹಳೆಯ ಕಂಬಳಿಯನ್ನು ಹಾಸಿ, ಗಂಟು ಕಟ್ಟತೊಡಗಿದರು. ಆ ಹೆಂಗಸಿನ ಕೈ ಅದರ ಮೇಲೆ ಹೋಯಿತು. ಅಂಚು ಹಿಡಿದು ಜಗ್ಗಿದರು, ಬೆಳಕಿಗೆ ಹಿಡಿದರು.

"ಇದು ಎಷ್ಟು ಹಳೇದು?"

"ನನ್ನ ಮದಿವ್ಯಾಗ ನಮ್ಮ ಮಾವ ನೇಯ್ದದ್ದು. ಮಳಿ, ಬಿಸಲು, ಬಾಣಂತನ, ಎಲ್ಲಾ ಇದರಾಗ ಕಳದೀನಿ. ಅಂಥದೇ ಕೈ ಅದ ನನ್ನ ಮಗಂದು."

ಆ ಹೆಂಗಸು ಅಂಚನ್ನು ಇನ್ನೊಮ್ಮೆ ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ, "ಇಂಥವೇ ಬೇಕು. ಅಪ್ಪಟ ಕಪ್ಪು. ಚಳಿಗಾಲಕ್ಕೆ ಮೊದಲು ಕೊಡಬೇಕು, ಈ ವಾರವೇ ಮಗ್ಗ ಹೂಡಬೇಕು. ಭಂಡಾರ ಬೇಡ," ಎಂದರು.

"ಮೊದಲನೇದು ಬೀರಪ್ಪಗ ಮುಟ್ಟೇದ," ಎಂದರು ಭೀಮವ್ವ. "ಉಳಿದವು ನಿಮ್ಮವು."

ಹೊರಡಬೇಕೆನ್ನುವಾಗ ಸಂಘಟಕರು ಅಡ್ಡ ಬಂದರು. ಭೀಮವ್ವ ವೇದಿಕೆಗೆ ಬಂದು ಎರಡು ಮಾತು ತಮ್ಮ ಕಷ್ಟ ಹೇಳಿ ಹೋಗಲಿ, ಫೋಟೊ ಆಗಲಿ ಎಂದರು. "ಅವರ ಕಷ್ಟ ಈಗ ಬಸ್ ಸ್ಟ್ಯಾಂಡಿಗೆ ಬರ್ತಾ ಇದೆ, ದಾರಿ ಬಿಡಿ," ಎಂದು ಭೀಮವ್ವನ ಕೈ ಹಿಡಿದು ಎಳೆದುಕೊಂಡು ಹೊರಟೆ.

ಬೆಂಗಳೂರಿನ ಬಸ್ಸು ಬಂದು ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಗಂಟು, ಕೊಡ, ಮಲಗಿದ ಕೂಸುಗಳು. ಭೀಮವ್ವ ಕೂಗಿದ್ದು ಕೇಳಿ ಮಾಳಪ್ಪ, ರೇಣವ್ವ ಗಂಟು ಹೊತ್ತು ಬಾಗಿಲಿಗೆ ಬಂದರು. ಮೇಸ್ತ್ರಿ ಅಡ್ಡ ಕೈ ಚಾಚಿದ.

"ಒಂದು ಜೋಡಿ ಕಮ್ಮಿ ಆದ್ರ ಅಲ್ಲಿ ನಾ ಏನ್ ಮುಖ ತೋರಸ್ಲಿ? ಮಾತು ಕೊಟ್ಟೀಯಲ್ಲಲೇ ಮಾಳ್ಯಾ. ಒಬ್ಬರರೇ ಬರ್ರಿ."

ಮಾಳಪ್ಪ ತಲೆ ತಗ್ಗಿಸಿದ. "ನಾ ಹೋಗ್ತೀನಿ," ಎಂದಳು ರೇಣವ್ವ ಮೆಲ್ಲಗೆ.

"ನೀ ಹೋದರ ನೂಲೋರು ಯಾರು?" ಎಂದರು ಭೀಮವ್ವ. "ನನ್ನ ಕಣ್ಣಿಗೆ ಈಗ ಕರೇ ಎಳಿ ಕಾಣಂಗಿಲ್ಲ." ಮೇಸ್ತ್ರಿಯ ಕಡೆ ತಿರುಗಿದರು. "ಇಷ್ಟು ಮಂದಿಗೆ ಅಲ್ಲಿ ರೊಟ್ಟಿ ಬಡಿಯೋರು ಅದಾರೇನಪಾ?"

ಮೇಸ್ತ್ರಿ ಅವರನ್ನೊಮ್ಮೆ ನೋಡಿ, ಕೈ ಇಳಿಸಿದ. ಮಾಳಪ್ಪ "ಬ್ಯಾಡಬೇ ಯವ್ವಾ" ಎನ್ನುತ್ತಲೇ ಇದ್ದ. ಅವರು ಹಳೆಯ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದರು. "ಇದರಂಗ ನೇಯಿ. ಎಳಿ ಸಡಲ ಬಿಡಬ್ಯಾಡ." ಭಂಡಾರದ ಕಂಬಳಿ ಹೊದ್ದು ಬಸ್ಸು ಹತ್ತಿದರು.

ನಾನು ಕಿಟಕಿಗೆ ಹೋದೆ. ಆಣೆಯ ಮಾತು ಬಾಯಿಗೆ ಬಂದರೂ ಆಡಲಾಗಲಿಲ್ಲ. ಅವರೇ ನನ್ನ ಕೈಯಲ್ಲಿದ್ದ ಬಾಟಲಿ ನೋಡಿದರು.

"ಅಕ್ಕಾರ, ಅದರಾಗ ಇಲ್ಲೀ ನೀರು ತುಂಬಿಸಿ ಕೊಡ್ರಿ. ಅಲ್ಲೀದು ಮುಟ್ಟೂದು ಎಷ್ಟು ತಡಾ ಆದರ ಅಷ್ಟು ಛಲೋ."

ನಿಲ್ದಾಣದ ನಲ್ಲಿಗೆ ಓಡಿದೆ. ನೀರು ಸಣ್ಣಗೆ ಬರುತ್ತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕಂಠದವರೆಗೆ ತುಂಬಿಸಿ, ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಕೊಟ್ಟೆ. ಅವರು ಅದನ್ನು ಕಂಬಳಿಯೊಳಗೆ ಇಟ್ಟುಕೊಂಡರು.

ರಾಯಚೂರಿನ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಹೊರಗೆ ಕತ್ತಲಾಗುತ್ತಿತ್ತು. ಆ ಒಂದು ಬಾಟಲಿ ನೀರು ಬೆಂಗಳೂರಿನ ದಾರಿಯಲ್ಲಿ ಸಿಂಧನೂರು ದಾಟುವವರೆಗಾದರೂ ಬಂದೀತೇ ಎಂದು ಯೋಚಿಸುತ್ತ ಕುಳಿತೆ.